ಕಾಣೆಯಾದ ಅಂಗಿ, ಕದ್ದ ವಜ್ರ

ಇಂಗ್ಲಿಷ್ ಭಾಷೆಯ ಮೊದಲ ದೊಡ್ಡ ಪತ್ತೇದಾರಿ ಕಾದಂಬರಿಯೆಂದು ಹೆಸರಾದ ಪುಸ್ತಕದ ಕಥೆ ಶುರುವಾಗುವುದು ನಮ್ಮ ಶ್ರೀರಂಗಪಟ್ಟಣದ ಕೋಟೆಯೊಳಗೆ. ದಿನ 1799ರ ಮೇ 4. ಕೋಟೆ ಒಡೆದಿದೆ, ಟಿಪ್ಪು ಸುಲ್ತಾನ ಬಿದ್ದಿದ್ದಾನೆ, ಗೆದ್ದ ಸೈನಿಕರು ಊರನ್ನು ಸೂರೆಗೊಳ್ಳುತ್ತಿದ್ದಾರೆ. ಅರಮನೆಯ ಆಯುಧಾಗಾರದ ಬಾಗಿಲಲ್ಲಿ ಎರಡು ಹೆಣಗಳು. ಒಳಗೆ ಮೂರನೆಯವನು ಕೊನೆಯುಸಿರೆಳೆಯುತ್ತಿದ್ದಾನೆ. ಅವನೆದುರು ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ನೆತ್ತರು ತೊಟ್ಟಿಕ್ಕುವ ಕಠಾರಿ ಹಿಡಿದು ನಿಂತಿರುವವನು ಜಾನ್ ಹರ್ನ್‌ಕ್ಯಾಸಲ್ ಎಂಬ ಇಂಗ್ಲಿಷ್ ಸೇನಾಧಿಕಾರಿ. ಆ ಕಠಾರಿಯ ಹಿಡಿಯಲ್ಲಿ ಒಂದು ಹಳದಿ ವಜ್ರ ಹೊಳೆಯುತ್ತಿದೆ.

ಕೋಟೆ, ದಿನಾಂಕ, ಸೂರೆ, ಇವೆಲ್ಲ ಚರಿತ್ರೆ. ಹರ್ನ್‌ಕ್ಯಾಸಲ್ ಮತ್ತು ಅವನು ಕದ್ದ ವಜ್ರ ಮಾತ್ರ ವಿಲ್ಕಿ ಕಾಲಿನ್ಸ್ ಎಂಬ ಕಾದಂಬರಿಕಾರನ ಕಲ್ಪನೆ. 1868ರ ಜನವರಿಯಿಂದ ಆಗಸ್ಟ್‌ವರೆಗೆ ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿಯ ಹೆಸರು ‘ದಿ ಮೂನ್‌ಸ್ಟೋನ್’. ಸೋಮನಾಥದ ಚಂದ್ರದೇವರ ಹಣೆಯಿಂದ ಹೊರಟು, ಹಲವರ ಕೈ ದಾಟಿ, ಟಿಪ್ಪುವಿನ ಕಠಾರಿ ಸೇರಿದ ವಜ್ರದ ಕಥೆ ಅದು. ರಷ್ಯದ ಚಕ್ರವರ್ತಿಗಳ ರಾಜದಂಡದಲ್ಲಿದ್ದ ವಜ್ರ ಮತ್ತು ಪಂಜಾಬಿನಿಂದ ವಿಕ್ಟೋರಿಯಾ ರಾಣಿಯ ಕೈ ಸೇರಿದ ಕೊಹಿನೂರ್, ಈ ಎರಡರ ಕಥೆಗಳನ್ನು ನೆನೆದು ಇದನ್ನು ಕಟ್ಟಿದೆನೆಂದು ಕಾಲಿನ್ಸ್ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ.

ಆ ಮೊದಲ ಅಧ್ಯಾಯದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹರ್ನ್‌ಕ್ಯಾಸಲ್‌ನನ್ನು ಕಣ್ಣಾರೆ ಕಂಡವನು ಅವನ ಸೋದರಸಂಬಂಧಿ, ಅದೇ ಸೈನ್ಯದ ಅಧಿಕಾರಿ. ಅವನಿಗೆ ಎಲ್ಲವೂ ಗೊತ್ತು. ಆದರೆ ಕೊಂದ ಗಳಿಗೆಯನ್ನು ಅವನು ನೋಡಿಲ್ಲ, ತೋರಿಸಲು ಸಾಕ್ಷ್ಯವಿಲ್ಲ, ಹೇಳಿದರೆ ಕೇಳುವವರೂ ಇಲ್ಲ. ಹಾಗಾಗಿ ಮನೆಯವರಿಗೆ ಮಾತ್ರ ಒಂದು ಕಾಗದ ಬರೆದಿಟ್ಟು ಸುಮ್ಮನಾಗುತ್ತಾನೆ. ಸತ್ಯ ಗೊತ್ತಿದ್ದೂ ಅದು ಯಾರಿಗೂ ಬೇಕಾಗದ ಸ್ಥಿತಿಯಿಂದ ಕಥೆ ಹೊರಡುತ್ತದೆ.

ಪತ್ತೇದಾರಿ ಕಥೆಗಳನ್ನು ಜನ ನೂರೈವತ್ತು ವರ್ಷಗಳಿಂದ ಬಿಡದೆ ಏಕೆ ಓದುತ್ತಿದ್ದಾರೆ ಎಂಬ ಪ್ರಶ್ನೆಗೆ ‘ಕೊಲೆಗಾರ ಯಾರು ಎಂಬ ಕುತೂಹಲ’ ಎಂದು ಉತ್ತರ ಹೇಳುವುದು ರೂಢಿ. ಆ ಉತ್ತರ ಸಾಲದು. ಕೊಲೆಗಾರ ಯಾರೆಂದು ಗೊತ್ತಿದ್ದೂ ಷರ್ಲಾಕ್ ಹೋಮ್ಸ್‌ನ ಕಥೆಗಳನ್ನು ಹತ್ತು ಸಲ ಓದಿದವರು ಎಲ್ಲ ಊರುಗಳಲ್ಲೂ ಇದ್ದಾರೆ. ಒಗಟು ಒಮ್ಮೆ ಒಡೆದ ಮೇಲೂ ಉಳಿಯುವ ಆ ರುಚಿ ಯಾವುದು ಎಂಬುದಕ್ಕೆ ಕಾಲಿನ್ಸ್‌ನ ಕಾದಂಬರಿಗೆ ಎಂಟು ವರ್ಷ ಮೊದಲು ಇಂಗ್ಲೆಂಡಿನಲ್ಲಿ ನಡೆದ ಒಂದು ನಿಜವಾದ ಕೊಲೆಯ ಕಡೆ ನೋಡಬೇಕು.

ಮೂರು ಅಂಗಿಗಳ ಲೆಕ್ಕ

ವಿಲ್ಟ್‌ಷೈರ್ ಮತ್ತು ಸಾಮರ್‌ಸೆಟ್ ಪ್ರಾಂತ್ಯಗಳ ಗಡಿಯಲ್ಲಿ ರೋಡ್ ಎಂಬ ಹಳ್ಳಿ. ಅಲ್ಲಿಯ ದೊಡ್ಡ ಮನೆಯ ಯಜಮಾನ ಸ್ಯಾಮುಯೆಲ್ ಕೆಂಟ್, ಕಾರ್ಖಾನೆಗಳ ತನಿಖಾಧಿಕಾರಿ. ಮೊದಲ ಹೆಂಡತಿ ತೀರಿಕೊಂಡ ಮೇಲೆ ಮಕ್ಕಳಿಗೆ ಪಾಠ ಹೇಳಲು ಬಂದಿದ್ದವಳನ್ನೇ ಆತ ಮದುವೆಯಾಗಿದ್ದ. 1860ರ ಜೂನ್ 29ರ ರಾತ್ರಿ ಮನೆಯವರೆಲ್ಲ ಬಾಗಿಲು ಹಾಕಿ ಮಲಗಿದರು. ಬೆಳಿಗ್ಗೆ ನೋಡಿದರೆ ಎರಡನೆಯ ಹೆಂಡತಿಯ ಮಗ, ಇನ್ನೂ ನಾಲ್ಕು ತುಂಬದ ಸ್ಯಾವಿಲ್, ತೊಟ್ಟಿಲಲ್ಲಿ ಇರಲಿಲ್ಲ. ಕತ್ತು ಕೊಯ್ದ ಮಗುವಿನ ದೇಹ ತೋಟದ ಕಕ್ಕಸಿನ ಗುಂಡಿಯಲ್ಲಿ ಸಿಕ್ಕಿತು. ಹೊರಗಿನವರು ಮನೆಯೊಳಗೆ ಬಂದ ಗುರುತು ಇರಲಿಲ್ಲ. ಎಂದರೆ, ಕೊಂದವರು ಆ ರಾತ್ರಿ ಅದೇ ಮನೆಯಲ್ಲಿ ಮಲಗಿದ್ದವರಲ್ಲಿ ಒಬ್ಬರು.

ಸ್ಥಳೀಯ ಪೊಲೀಸರು ಎರಡು ವಾರ ತಡಕಾಡಿದ ಮೇಲೆ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್‌ನಿಂದ ಇನ್ಸ್‌ಪೆಕ್ಟರ್ ಜೊನಾಥನ್ ವಿಚರ್ ಬಂದ. 1842ರಲ್ಲಿ ಅಲ್ಲಿ ಪತ್ತೇದಾರರ ಪ್ರತ್ಯೇಕ ವಿಭಾಗ ಹುಟ್ಟಿದಾಗ ಆರಿಸಲಾದ ಎಂಟು ಜನರಲ್ಲಿ ಆತನೂ ಒಬ್ಬ. ತೋಟದ ಮಾಲಿಯ ಮಗ. ಡಿಕನ್ಸ್ ತನ್ನ ಪತ್ರಿಕೆಯಲ್ಲಿ ಹೆಸರನ್ನು ಕೊಂಚ ಮರೆಸಿ ಆತನ ಚಾತುರ್ಯವನ್ನು ಬಣ್ಣಿಸಿದ್ದ.

ವಿಚರ್ ಕೈಗೆತ್ತಿಕೊಂಡದ್ದು ಅಗಸಗಿತ್ತಿಯ ಲೆಕ್ಕದ ಪುಸ್ತಕವನ್ನು. ಮೊದಲ ಹೆಂಡತಿಯ ಮಗಳು, ಹದಿನಾರರ ಕಾನ್‌ಸ್ಟನ್ಸ್‌ಗೆ ಇದ್ದ ರಾತ್ರಿ ಅಂಗಿಗಳು ಮೂರು. ಈಗ ಇರುವುದು ಎರಡೇ. ಮೂರನೆಯದು ಒಗೆಯಲು ಹೋದಾಗ ಕಳೆಯಿತು ಎಂದು ಮನೆಯವರು ನಂಬಿದ್ದರು. ಬುಟ್ಟಿಗೆ ಹಾಕಿದ್ದನ್ನು ಕೆಲಸದವಳು ನೋಡಿಯೂ ಇದ್ದಳು. ಆದರೆ ಬುಟ್ಟಿ ಮನೆಯಿಂದ ಹೊರಡುವ ಮೊದಲು ಕಾನ್‌ಸ್ಟನ್ಸ್ ಏನೋ ನೆಪ ಹೇಳಿ, ಕುಡಿಯಲು ನೀರು ತರಲು ಅವಳನ್ನು ಕೆಳಗೆ ಕಳಿಸಿದ್ದಳು. ವಿಚರ್‌ನ ತರ್ಕ ಹೀಗೆ: ರಕ್ತ ಮೆತ್ತಿದ ಅಂಗಿಯನ್ನು ಹುಡುಗಿ ಮೊದಲೇ ಸುಟ್ಟಿದ್ದಾಳೆ. ಒಂದು ಅಂಗಿ ಕಡಿಮೆಯಾದುದಕ್ಕೆ ಕಾರಣ ಬೇಕು. ಆದ್ದರಿಂದ ಎಲ್ಲರೂ ನೋಡುವ ಹಾಗೆ ಶುದ್ಧವಾದ ಅಂಗಿಯನ್ನು ಬುಟ್ಟಿಗೆ ಹಾಕಿಸಿ, ಆ ಒಂದು ನಿಮಿಷದಲ್ಲಿ ಹಿಂದಕ್ಕೆ ತೆಗೆದುಕೊಂಡಿದ್ದಾಳೆ. ತಪ್ಪು ಅಗಸಗಿತ್ತಿಯ ತಲೆಗೆ ಬಿದ್ದಿದೆ. ಇಲ್ಲದ ವಸ್ತುವೊಂದನ್ನೇ ಸಾಕ್ಷಿ ಮಾಡಿಕೊಂಡ ಈ ತರ್ಕ ಮುಂದೆ ಬಂದ ಯಾವ ಕಾಲ್ಪನಿಕ ಪತ್ತೇದಾರನ ತರ್ಕಕ್ಕೂ ಕಡಿಮೆಯದಲ್ಲ.

ಆತ ಕಾನ್‌ಸ್ಟನ್ಸ್‌ಳನ್ನು ಬಂಧಿಸಿದ. ವಾರದೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಆರೋಪ ಕುಸಿದುಬಿತ್ತು. ಅಂಗಿ ಇಲ್ಲ ಎಂಬುದನ್ನು ಬಿಟ್ಟು ಬೇರೆ ಪುರಾವೆ ಇರಲಿಲ್ಲ. ಕೊಲೆಯಾದ ದಿನವೇ ಅಡುಗೆಮನೆಯ ಕಡೆಯ ಒಲೆಯ ಗೂಡಿನಲ್ಲಿ ರಕ್ತದ ಕಲೆಯ ಒಳ ಅಂಗಿಯೊಂದು ಸ್ಥಳೀಯ ಪೊಲೀಸರಿಗೆ ಸಿಕ್ಕಿ, ಅವರ ಎಚ್ಚರಗೇಡಿತನದಿಂದ ರಾತ್ರಿ ಬೆಳಗಾಗುವುದರಲ್ಲಿ ಮಾಯವಾಗಿತ್ತು. ಅದನ್ನು ಅವರು ವಿಚರ್‌ಗೆ ಹೇಳಿರಲೇ ಇಲ್ಲ. ಹುಡುಗಿ ಬಿಡುಗಡೆಯಾದಳು. ಪತ್ರಿಕೆಗಳು ವಿಚರ್ ಮೇಲೆ ಮುಗಿಬಿದ್ದವು. ಮಾಲಿಯ ಮಗನೊಬ್ಬ ಮರ್ಯಾದಸ್ಥರ ಮನೆಗೆ ನುಗ್ಗಿ, ಹೆಣ್ಣುಮಗಳ ಬಟ್ಟೆಬರೆ ಎಣಿಸಿ, ಆಕೆಯನ್ನೇ ಕೊಲೆಗಾತಿ ಎನ್ನುವುದೇ? ಕೊಲೆಗಿಂತ ಈ ಮಾತೇ ಜನಕ್ಕೆ ಹೆಚ್ಚು ನೋವುಂಟುಮಾಡಿದಂತೆ ಕಾಣುತ್ತದೆ. ವಿಚರ್‌ನನ್ನು ಅಷ್ಟು ಮೆಚ್ಚಿದ್ದ ಡಿಕನ್ಸ್ ಕೂಡ ಇದನ್ನು ನಂಬದೆ, ಅಪ್ಪ ಮತ್ತು ಮಗುವಿನ ದಾದಿಯ ಮೇಲೆಯೇ ತನ್ನ ಅನುಮಾನ ಎಂದು ಗೆಳೆಯರಿಗೆ ಬರೆದ.

1864ರಲ್ಲಿ ಆರೋಗ್ಯ ಕೆಟ್ಟು ವಿಚರ್ ನಿವೃತ್ತನಾದ. 1865ರ ಏಪ್ರಿಲ್‌ನಲ್ಲಿ ಕಾನ್‌ಸ್ಟನ್ಸ್ ಕೆಂಟ್ ತಾನಾಗಿ ಲಂಡನ್ನಿನ ಮ್ಯಾಜಿಸ್ಟ್ರೇಟರ ಮುಂದೆ ಬಂದು, ಕೊಲೆ ಮಾಡಿದವಳು ತಾನೇ ಎಂದು ಒಪ್ಪಿಕೊಂಡಳು. ಮರಣದಂಡನೆ ಜೀವಾವಧಿಯಾಗಿ ಬದಲಾಯಿತು. ಇಪ್ಪತ್ತು ವರ್ಷ ಸೆರೆಯಲ್ಲಿದ್ದು ಹೊರಬಂದ ಆಕೆ ಹೆಸರು ಬದಲಿಸಿಕೊಂಡು ಆಸ್ಟ್ರೇಲಿಯಕ್ಕೆ ಹೋಗಿ, ದಾದಿಯಾಗಿ ದುಡಿದು, 1944ರಲ್ಲಿ ನೂರು ತುಂಬಿದ ಮೇಲೆ ತೀರಿಕೊಂಡಳು. ವಿಚರ್ ಹೇಳಿದ್ದೇ ಸರಿಯಾಗಿತ್ತು. ಆದರೆ ಸರಿಯೆಂದು ಗೊತ್ತಾಗುವ ಹೊತ್ತಿಗೆ ಆತನಿಗೆ ಕೆಲಸವೂ ಉಳಿದಿರಲಿಲ್ಲ, ಹೆಸರೂ ಉಳಿದಿರಲಿಲ್ಲ. ಕೇಟ್ ಸಮರ್‌ಸ್ಕೇಲ್ ಎಂಬ ಲೇಖಕಿ 2008ರಲ್ಲಿ ಆತನ ತನಿಖೆಯ ಬಗ್ಗೆಯೇ ಪುಸ್ತಕ ಬರೆದ ಮೇಲೆ ಹೊಸ ಓದುಗರಿಗೆ ವಿಚರ್ ಪರಿಚಯವಾದ.

ತಪ್ಪಿದರೂ ಗೆದ್ದವನು

ಕಾನ್‌ಸ್ಟನ್ಸ್ ತಪ್ಪೊಪ್ಪಿಕೊಂಡ ಮೂರು ವರ್ಷಕ್ಕೆ ‘ಮೂನ್‌ಸ್ಟೋನ್’ ಬಂತು. ಅದರಲ್ಲೂ ಒಂದು ದೊಡ್ಡ ಮನೆ, ರಾತ್ರಿ ಎಲ್ಲರೂ ಮಲಗಿದ್ದಾಗ ನಡೆದ ಅಪರಾಧ, ಮಬ್ಬು ತಲೆಯ ಸ್ಥಳೀಯ ಪೊಲೀಸ್ ಅಧಿಕಾರಿ, ಲಂಡನ್ನಿನಿಂದ ಬರುವ ಪತ್ತೇದಾರ, ಅಗಸಗಿತ್ತಿಯ ಲೆಕ್ಕ, ಮತ್ತು ಕಾಣೆಯಾದ ಒಂದು ರಾತ್ರಿ ಅಂಗಿ. ಕಾಲಿನ್ಸ್ ರಕ್ತದ ಕಲೆಯನ್ನು ಬಣ್ಣದ ಕಲೆ ಮಾಡಿದ, ಮಗುವಿನ ಕೊಲೆಯನ್ನು ವಜ್ರದ ಕಳವು ಮಾಡಿದ. ಹೊಸದಾಗಿ ಬಣ್ಣ ಬಳಿದ ಬಾಗಿಲಿನಲ್ಲಿ ಯಾರದೋ ಬಟ್ಟೆ ತಾಗಿ ಕೊಂಚ ಬಣ್ಣ ಅಳಿಸಿದೆ. ಸ್ಥಳೀಯ ಅಧಿಕಾರಿ ಅದನ್ನು ಕ್ಷುಲ್ಲಕವೆಂದು ತಳ್ಳಿಹಾಕುತ್ತಾನೆ. ಸಾರ್ಜೆಂಟ್ ಕಫ್ ಮಾತ್ರ ಬಣ್ಣ ಎಷ್ಟು ಹೊತ್ತಿಗೆ ಒಣಗುತ್ತದೆಂದು ವಿಚಾರಿಸಿ, ಕಳವಿನ ವೇಳೆಯನ್ನು ನಡುರಾತ್ರಿಯ ಆಚೆಯ ಮೂರು ತಾಸುಗಳಿಗೆ ಇಳಿಸುತ್ತಾನೆ.

ಕಫ್ ಬಡಕಲು ಮೈಯ, ವಯಸ್ಸಾದ ಮನುಷ್ಯ. ಕೊಲೆ ಕಳವುಗಳ ನಡುವೆಯೂ ತೋಟದ ಮಾಲಿಯೊಡನೆ ಗುಲಾಬಿ ಕಸಿ ಮಾಡುವ ಬಗೆಯ ಕುರಿತು ವಾದಕ್ಕೆ ನಿಲ್ಲುತ್ತಾನೆ. ವಿಚರ್‌ನ ತಂದೆ ಮಾಲಿಯಾಗಿದ್ದುದನ್ನು ನೆನೆದರೆ ಈ ಗುಲಾಬಿಗಳ ಬೇರು ಎಲ್ಲಿದೆಯೆಂದು ಊಹಿಸಬಹುದು. ವಿಚರ್‌ನ ಹಾಗೆಯೇ ಕಫ್ ಕೂಡ ಮನೆಯ ಮಗಳ ಮೇಲೆ ಸಂಶಯಪಡುತ್ತಾನೆ. ವಿಚರ್‌ನ ಹಾಗೆಯೇ ಮನೆಯಿಂದ ಸಾಗಹಾಕಿಸಿಕೊಳ್ಳುತ್ತಾನೆ. ವ್ಯತ್ಯಾಸವೆಂದರೆ ಕಫ್‌ನ ಸಂಶಯ ತಪ್ಪು. ಆ ಹುಡುಗಿಯ ಮೌನಕ್ಕೆ ಬೇರೆಯೇ ಕಾರಣವಿತ್ತು. (ಕಾದಂಬರಿಯನ್ನು ಇನ್ನೂ ಓದದವರಿದ್ದಾರೆ, ವಜ್ರ ಯಾರ ಕೈ ಸೇರಿತೆಂಬುದು ಇಲ್ಲಿ ಬೇಡ.) ಆದರೂ ಕಫ್ ಮರಳಿ ಬಂದು ತಪ್ಪು ಒಪ್ಪಿಕೊಂಡು, ನಿಜವಾದ ಕಳ್ಳನ ಹೆಸರನ್ನು ಲಕೋಟೆಯಲ್ಲಿ ಬರೆದು ಮುಚ್ಚಿಕೊಟ್ಟಾಗ ಕಥೆಯೊಳಗಿನ ಎಲ್ಲರೂ ಆತನ ಮಾತಿಗೆ ಕಿವಿಗೊಡುತ್ತಾರೆ.

ನಿಜಜೀವನದಲ್ಲಿ ಸರಿಯಾಗಿದ್ದ ಪತ್ತೇದಾರ ಮೂಲೆಗೆ ಬಿದ್ದ. ಪುಸ್ತಕದಲ್ಲಿ ಎಡವಿದ ಪತ್ತೇದಾರ ಓದುಗರ ಪ್ರೀತಿಪಾತ್ರನಾದ. ಸತ್ಯವನ್ನು ಕಂಡುಹಿಡಿಯುವುದು ಅಷ್ಟೇನೂ ಅಪರೂಪವಲ್ಲ. ಊರಿನಲ್ಲಿ ಕಳ್ಳ ಯಾರೆಂದು ಅನೇಕ ಸಲ ಊರಿಗೆಲ್ಲ ಗೊತ್ತಿರುತ್ತದೆ. ಅದನ್ನು ಗಟ್ಟಿಯಾಗಿ ಹೇಳಿ ಎಲ್ಲರಿಂದ ಒಪ್ಪಿಸುವುದು ಅಪರೂಪ. ಪತ್ತೇದಾರಿ ಕಥೆಯ ಕೊನೆಯ ಅಧ್ಯಾಯದಲ್ಲಿ ಮನೆಮಂದಿಯೆಲ್ಲ ನಡುಮನೆಯಲ್ಲಿ ಸೇರುತ್ತಾರೆ, ಒಬ್ಬ ಮಾತಾಡುತ್ತಾನೆ, ಉಳಿದವರು ಕೇಳುತ್ತಾರೆ, ಅಪರಾಧಿಯ ಮುಖ ಕಪ್ಪಿಡುತ್ತದೆ. ನ್ಯಾಯಾಲಯ, ಸಾಕ್ಷಿ, ವಾಯಿದೆ, ಮೇಲ್ಮನವಿ ಯಾವುದರ ಗೊಡವೆಯೂ ಇಲ್ಲ. ಓದುಗ ಮತ್ತೆ ಮತ್ತೆ ಹೋಗಿ ಕೂರುವುದು ಆ ನಡುಮನೆಯಲ್ಲಿ.

ಶ್ರೀರಂಗಪಟ್ಟಣದ ಮೂರು ಕೊಲೆಗಳ ಬಗ್ಗೆ ಮಾತ್ರ ಯಾವ ನಡುಮನೆಯಲ್ಲೂ ಸಭೆ ಸೇರುವುದಿಲ್ಲ. ಕಫ್‌ನನ್ನು ಕರೆಸಿದ್ದು ವಜ್ರ ಇಂಗ್ಲಿಷರ ಮನೆಯಿಂದ ಕಳುವಾದಾಗ; ಟಿಪ್ಪುವಿನ ಮನೆಯಿಂದ ಕಳುವಾದಾಗಲ್ಲ. ಕಾಲಿನ್ಸ್‌ಗೆ ಇದು ತಿಳಿಯದ ಮಾತಲ್ಲ. ವಜ್ರದ ಬೆನ್ನು ಹತ್ತಿ ಬಂದ ಮೂವರು ಬ್ರಾಹ್ಮಣರನ್ನು ಆತ ಮೊದಮೊದಲು ಭಯ ಹುಟ್ಟಿಸುವ ಹಾಗೆ ಚಿತ್ರಿಸಿದರೂ, ಕೊನೆಯ ಪುಟಗಳಲ್ಲಿ ವಜ್ರವನ್ನು ಸೋಮನಾಥದ ದೇವರ ಹಣೆಗೇ ಮರಳಿಸುತ್ತಾನೆ. 1857ರ ದಂಗೆ ನಡೆದು ಹನ್ನೊಂದೇ ವರ್ಷವಾಗಿದ್ದ ಕಾಲದಲ್ಲಿ ಇಂಗ್ಲಿಷ್ ಕಾದಂಬರಿಕಾರನೊಬ್ಬ ಹಾಗೆ ಬರೆದದ್ದು ಸಣ್ಣ ಸಂಗತಿಯಲ್ಲ. ಇದಕ್ಕೆ ಹೋಲಿಸಿ ನೋಡಬೇಕಾದ ಇನ್ನೊಂದು ಪುಸ್ತಕ 1890ರ ‘ದಿ ಸೈನ್ ಆಫ್ ಫೋರ್’. ಅಲ್ಲಿಯೂ ಆಗ್ರಾ ಕೋಟೆಯಲ್ಲಿ ನಡೆದ ಕೊಲೆ, ಭಾರತದ ರಾಜನೊಬ್ಬನ ಒಡವೆಗಳ ಪೆಟ್ಟಿಗೆ. ಅದರ ಜಾಡು ಹಿಡಿದವನು ಷರ್ಲಾಕ್ ಹೋಮ್ಸ್. ಒಡವೆಗಳು ಥೇಮ್ಸ್ ನದಿಯ ಕೆಸರಿನ ಪಾಲಾಗುತ್ತವೆ. ಒಡೆಯನಿಗೆ ಹಿಂದಿರುಗಿಸುವ ಮಾತನ್ನು ಹೋಮ್ಸ್ ಎತ್ತುವುದಿಲ್ಲ.

ಯಾರ ಹಂಗೂ ಇಲ್ಲದವನು

ವಿಚರ್‌ಗೆ ಆದ ಗತಿ ಹೋಮ್ಸ್‌ಗೆ ಆಗುವಂತಿಲ್ಲ. ಆರ್ಥರ್ ಕಾನನ್ ಡಾಯ್ಲ್ ತನ್ನ ಪತ್ತೇದಾರನನ್ನು ಕಟ್ಟಿದ ರೀತಿಯಲ್ಲೇ ಆ ಭದ್ರತೆ ಇದೆ. ಹೋಮ್ಸ್‌ಗೆ ಸಂಬಳವಿಲ್ಲ, ಮೇಲಧಿಕಾರಿಯಿಲ್ಲ, ಬಡ್ತಿಯ ಚಿಂತೆಯಿಲ್ಲ. ಆತ ಯಾರ ಮನೆಗೂ ತಾನಾಗಿ ನುಗ್ಗಬೇಕಿಲ್ಲ; ರಾಜರೂ ಮಂತ್ರಿಗಳೂ ಟೈಪಿಸ್ಟ್ ಹೆಣ್ಣುಮಕ್ಕಳೂ ಅವನ ಮಹಡಿಯ ಮೆಟ್ಟಿಲು ಹತ್ತಿ ಬರುತ್ತಾರೆ. ಸ್ಕಾಟ್ಲೆಂಡ್ ಯಾರ್ಡಿನ ಲೆಸ್ಟ್ರೇಡ್ ಕೂಡ ಗೊಣಗುತ್ತಲೇ ಬರುತ್ತಾನೆ. ಅಪರಾಧಿಯ ಮೇಲೆ ಕನಿಕರ ಹುಟ್ಟಿದರೆ ಹೋಮ್ಸ್ ಅವನನ್ನು ಬಿಟ್ಟುಬಿಡುವುದೂ ಉಂಟು. ಪೊಲೀಸಿನವನಿಗೆ ಅದು ಸಾಧ್ಯವೇ?

1887ರಲ್ಲಿ ಹೋಮ್ಸ್‌ನ ಮೊದಲ ಕಾದಂಬರಿಯ ಹಕ್ಕಿಗೆ ಡಾಯ್ಲ್ ಪಡೆದದ್ದು 25 ಪೌಂಡು. 1891ರಿಂದ ‘ಸ್ಟ್ರಾಂಡ್’ ಮಾಸಪತ್ರಿಕೆಯಲ್ಲಿ ಸಣ್ಣ ಕಥೆಗಳು ಬರತೊಡಗಿದ ಮೇಲೆ ಹೋಮ್ಸ್ ಮನೆಮಾತಾದ. ಚಾರಿತ್ರಿಕ ಕಾದಂಬರಿಗಳಿಂದ ಹೆಸರು ಗಳಿಸುವ ಆಸೆಯಿದ್ದ ಡಾಯ್ಲ್‌ಗೆ ಇದು ತಲೆನೋವಾಗಿ, 1893ರ ಡಿಸೆಂಬರ್‌ನಲ್ಲಿ ಆತ ಹೋಮ್ಸ್‌ನನ್ನು ಸ್ವಿಟ್ಜರ್‌ಲೆಂಡಿನ ಜಲಪಾತವೊಂದಕ್ಕೆ ಬೀಳಿಸಿ ಕೈತೊಳೆದುಕೊಂಡ. ಓದುಗರು ಸಿಟ್ಟಿಗೆದ್ದರು. ಹತ್ತು ವರ್ಷ ತಡೆದು 1903ರಲ್ಲಿ ಹೋಮ್ಸ್‌ನನ್ನು ಬದುಕಿಸದೆ ಗತ್ಯಂತರವಿರಲಿಲ್ಲ. ಕೊನೆಗೆ ನಾಲ್ಕು ಕಾದಂಬರಿ, 56 ಕಥೆಗಳಾದವು. ಇದೆಲ್ಲ ಹೆಚ್ಚಿನ ಓದುಗರಿಗೆ ಗೊತ್ತಿರುವ ಕಥೆ. ಹೋಮ್ಸ್‌ನನ್ನು ಸೃಷ್ಟಿಸಿದವನೇ ಹೋಮ್ಸ್ ಆಗಬೇಕಾಗಿ ಬಂದ ಇನ್ನೊಂದು ಕಥೆ ಅಷ್ಟು ಪ್ರಚಾರದಲ್ಲಿಲ್ಲ.

ಮುಂಬಯಿಯ ಪಾರ್ಸಿ ಮನೆತನದಲ್ಲಿ ಹುಟ್ಟಿ ಕ್ರೈಸ್ತನಾದ ಶಾಪುರ್ಜಿ ಎಡಲ್ಜಿ ಎಂಬಾತ ಇಂಗ್ಲೆಂಡಿನ ಸ್ಟಾಫರ್ಡ್‌ಷೈರಿನ ಗ್ರೇಟ್ ವರ್ಲಿ ಎಂಬ ಗಣಿ ಹಳ್ಳಿಯಲ್ಲಿ ಪಾದ್ರಿಯಾಗಿದ್ದ. ಹೆಂಡತಿ ಇಂಗ್ಲಿಷ್ ಹೆಂಗಸು. ಹಿರಿಯ ಮಗ ಜಾರ್ಜ್ ವಕೀಲನಾಗಿ ಬರ್ಮಿಂಗ್‌ಹ್ಯಾಮಿನಲ್ಲಿ ಕಚೇರಿ ತೆರೆದಿದ್ದ. ರೈಲು ಪ್ರಯಾಣಿಕರಿಗೆ ಉಪಯೋಗವಾಗುವ ಕಾನೂನಿನ ಪುಸ್ತಕವೊಂದನ್ನು ಬರೆದಿದ್ದ. ಕಂದು ಮೈಬಣ್ಣದ ಪಾದ್ರಿಯ ಮನೆಗೆ ಹಿಂದಿನಿಂದಲೂ ಹೆಸರಿಲ್ಲದ ಬೆದರಿಕೆ ಕಾಗದಗಳು ಬರುತ್ತಿದ್ದವು. ಜಿಲ್ಲೆಯ ಪೊಲೀಸ್ ಮುಖ್ಯಸ್ಥ ಕ್ಯಾಪ್ಟನ್ ಆನ್ಸನ್, ಅವನ್ನು ಮಗನೇ ಬರೆಯುತ್ತಿದ್ದಾನೆಂದು ಆಗಲೇ ತೀರ್ಮಾನಿಸಿಬಿಟ್ಟಿದ್ದ.

1903ರಲ್ಲಿ ಊರಿನ ಕುದುರೆ, ಹಸು, ಕುರಿಗಳನ್ನು ಯಾರೋ ರಾತ್ರಿ ಹೊತ್ತು ಹೊಟ್ಟೆ ಸೀಳಿ ಕೊಲ್ಲತೊಡಗಿದರು. ಆಗಸ್ಟ್ 18ರಂದು ಗಣಿಯ ಕುದುರೆಯೊಂದು ಹೀಗೆ ಬಿದ್ದ ಕೂಡಲೇ ಪೊಲೀಸರು ಜಾರ್ಜ್‌ನನ್ನು ಹಿಡಿದರು. ಅವನ ಕೋಟಿನ ಮೇಲೆ ಕುದುರೆಯ ಕೂದಲಿತ್ತೆಂದರು. ಆದರೆ ಕೋಟನ್ನೂ ಸತ್ತ ಕುದುರೆಯ ಚರ್ಮದ ತುಂಡನ್ನೂ ಒಟ್ಟಿಗೇ ಕಟ್ಟಿ ಪರೀಕ್ಷೆಗೆ ಕಳಿಸಿದ್ದರು. ಕಾಗದಗಳು ಅವನ ಕೈಬರಹವೆಂದು ಸಾಕ್ಷಿ ಹೇಳಿದ ತಜ್ಞ ಇನ್ನೊಂದು ಪ್ರಸಿದ್ಧ ಮೊಕದ್ದಮೆಯಲ್ಲಿಯೂ ತಪ್ಪು ಹೇಳಿ ನಿರಪರಾಧಿಯನ್ನು ಜೈಲಿಗೆ ಕಳಿಸಿದ್ದವನು. ಜಾರ್ಜ್ ಸೆರೆಯಲ್ಲಿದ್ದಾಗಲೂ ಪ್ರಾಣಿಗಳು ಸಾಯುತ್ತಲೇ ಇದ್ದವು. ಆದರೂ ಏಳು ವರ್ಷದ ಕಠಿಣ ಶಿಕ್ಷೆಯಾಯಿತು. ಹತ್ತು ಸಾವಿರ ಜನ ಸಹಿ ಹಾಕಿದ ಮನವಿ ಸರ್ಕಾರಕ್ಕೆ ಹೋಯಿತು. ಮೂರು ವರ್ಷ ಕಳೆದ ಮೇಲೆ 1906ರಲ್ಲಿ ಕಾರಣವನ್ನೇ ಹೇಳದೆ ಅವನನ್ನು ಹೊರಬಿಟ್ಟರು. ಅಪರಾಧಿ ಎಂಬ ಹಣೆಪಟ್ಟಿ ಹಾಗೆಯೇ ಉಳಿಯಿತು, ವಕೀಲಿಯೂ ಹೋಯಿತು.

ಪತ್ರಿಕೆಯೊಂದರಲ್ಲಿ ಈ ಸುದ್ದಿ ಓದಿದ ಡಾಯ್ಲ್ ಜಾರ್ಜ್‌ನನ್ನು ಲಂಡನ್ನಿನ ಹೋಟೆಲೊಂದಕ್ಕೆ ಕರೆಸಿದ. ಡಾಯ್ಲ್ ಬರುವ ಹೊತ್ತಿಗೆ ಜಾರ್ಜ್ ಪಡಸಾಲೆಯಲ್ಲಿ ಕೂತು ಪತ್ರಿಕೆ ಓದುತ್ತಿದ್ದ. ಹಾಳೆಯನ್ನು ಮುಖಕ್ಕೆ ತೀರಾ ಹತ್ತಿರ, ಅದೂ ಓರೆಯಾಗಿ ಹಿಡಿದಿದ್ದ. ಓದಿನಿಂದ ಕಣ್ಣಿನ ವೈದ್ಯನೂ ಆಗಿದ್ದ ಡಾಯ್ಲ್‌ಗೆ ಅಷ್ಟು ಸಾಕಾಯಿತು. ಎಂಟು ಡಯಾಪ್ಟರ್‌ನಷ್ಟು ಹ್ರಸ್ವದೃಷ್ಟಿಯ ಈ ಮನುಷ್ಯ ಕತ್ತಲೆಯಲ್ಲಿ, ಮಳೆಯಲ್ಲಿ, ಬೇಲಿ ಹಾರಿ, ರೈಲು ಹಳಿ ದಾಟಿ, ಹೊಲದ ನಡುವೆ ಹೋಗಿ ಕುದುರೆಯ ಹೊಟ್ಟೆ ಸೀಳಿದನೆಂದರೆ ನಂಬುವುದು ಹೇಗೆ? ಹೋಮ್ಸ್ ತನ್ನನ್ನು ನೋಡಲು ಬಂದವರನ್ನು ಅಳೆಯುತ್ತಿದ್ದ ರೀತಿಗೂ ಇದಕ್ಕೂ ಕೂದಲೆಳೆಯಷ್ಟೂ ಅಂತರವಿಲ್ಲ.

ಡಾಯ್ಲ್ ಊರಿಗೇ ಹೋಗಿ ದಾರಿಯನ್ನು ನಡೆದು ನೋಡಿದ. 1907ರ ಜನವರಿಯಲ್ಲಿ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯಲ್ಲಿ ದೀರ್ಘ ಲೇಖನ ಬರೆದು, ಯಾರು ಬೇಕಾದರೂ ಮರುಮುದ್ರಿಸಬಹುದೆಂದು ಹಕ್ಕು ಬಿಟ್ಟುಕೊಟ್ಟ. ದೇಶವೆಲ್ಲ ಮಾತಾಡಿತು. ಕಥೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಸರ್ಕಾರ ಮೂವರ ಸಮಿತಿ ನೇಮಿಸಿತು. ಅವರಲ್ಲೊಬ್ಬ ಕ್ಯಾಪ್ಟನ್ ಆನ್ಸನ್‌ನ ಬಂಧು. ಪ್ರಾಣಿಗಳನ್ನು ಕೊಂದವನು ಜಾರ್ಜ್ ಅಲ್ಲ ಎಂದು ಸಮಿತಿ ಒಪ್ಪಿತು. ಆದರೆ ಕಾಗದಗಳನ್ನು ಬರೆದವನು ಅವನೇ, ಆದ್ದರಿಂದ ಕಷ್ಟವನ್ನು ಅವನೇ ತಂದುಕೊಂಡ ಎಂದೂ ಹೇಳಿತು. ಕ್ಷಮಾದಾನ ಸಿಕ್ಕಿತು, ಮೂರು ವರ್ಷದ ಸೆರೆಗೆ ಬಿಡಿಗಾಸಿನ ಪರಿಹಾರವೂ ಸಿಗಲಿಲ್ಲ. ಡಾಯ್ಲ್ ರೊಚ್ಚಿಗೆದ್ದ. ಆದರೆ ಆತನೂ ಸಾಲದ ಆಧಾರದ ಮೇಲೆ ಊರಿನ ಇನ್ನೊಬ್ಬನತ್ತ ಬೆರಳು ತೋರಿಸಿ, ಆನ್ಸನ್ ಬಿದ್ದ ಹಳ್ಳದ ಅಂಚಿಗೇ ಹೋಗಿ ನಿಂತಿದ್ದನ್ನು ಮರೆಯಬಾರದು. ವಕೀಲರ ಸಂಘ ಜಾರ್ಜ್‌ನನ್ನು ಮತ್ತೆ ಸೇರಿಸಿಕೊಂಡಿತು. ಕ್ರಿಮಿನಲ್ ಮೊಕದ್ದಮೆಗಳಿಗೆ ಮೇಲ್ಮನವಿಯ ನ್ಯಾಯಾಲಯವೇ ಇಲ್ಲದಿದ್ದ ಇಂಗ್ಲೆಂಡಿನಲ್ಲಿ ಅದೇ 1907ರಲ್ಲಿ ಅಂಥದೊಂದನ್ನು ಸ್ಥಾಪಿಸುವ ಕಾಯಿದೆ ಬಂತು. ಅದರ ಹಿಂದೆ ಈ ಪ್ರಕರಣದ ಒತ್ತಡವೂ ಇತ್ತು. ಜಾರ್ಜ್ 1953ರವರೆಗೆ ಬದುಕಿದ. ಪೂರ್ತಿ ನಿರಪರಾಧಿ ಎಂಬ ಮಾತನ್ನು ಸರ್ಕಾರದ ಬಾಯಿಂದ ಆತ ಕೇಳಲಿಲ್ಲ.

ಹೋಮ್ಸ್‌ನ ಕಥೆಗಳಲ್ಲಿ ನ್ಯಾಯಾಲಯದ ದೃಶ್ಯಗಳು ಏಕೆ ಅಷ್ಟು ವಿರಳ ಎಂಬುದು ಈ ಪ್ರಕರಣದ ಮುಂದಿಟ್ಟು ನೋಡಿದಾಗ ತಿಳಿಯುತ್ತದೆ.

ಯಾರೂ ಲೆಕ್ಕಕ್ಕಿಡದವರು

ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಪತ್ತೇದಾರಿ ಕಾದಂಬರಿ ಒಂದು ಆಟದಂತೆ ಬೆಳೆಯಿತು. ಸುಳಿವುಗಳನ್ನೆಲ್ಲ ಓದುಗನ ಮುಂದೆ ಇಡಬೇಕು, ಅವಳಿ ಸೋದರರನ್ನು ಕೊನೆಯಲ್ಲಿ ದಿಢೀರನೆ ತರಬಾರದು ಎಂದು ನಿಯಮಗಳನ್ನು ಬರೆದವರೂ ಇದ್ದರು. ಆ ಕಾಲದ ಬರಹಗಾರರಲ್ಲಿ ಇಂದಿಗೂ ಎಲ್ಲ ದೇಶಗಳಲ್ಲಿ ಓದಿಸಿಕೊಳ್ಳುವವಳು ಅಗಾಥಾ ಕ್ರಿಸ್ಟಿ. ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ದುಡಿದು ವಿಷಗಳನ್ನು ಚೆನ್ನಾಗಿ ಅರಿತಿದ್ದ ಆಕೆಯ ಜಾಣ್ಮೆ ಕಥೆಯ ಹೆಣಿಗೆಯಲ್ಲಷ್ಟೇ ಇಲ್ಲ, ಪತ್ತೇದಾರರ ಆಯ್ಕೆಯಲ್ಲೂ ಇದೆ. 1920ರಲ್ಲಿ ಕಾಣಿಸಿಕೊಂಡ ಹರ್ಕ್ಯೂಲ್ ಪ್ವಾರೊ ಬೆಲ್ಜಿಯಮ್ಮಿನಿಂದ ಓಡಿಬಂದ ನಿರಾಶ್ರಿತ; ಮೊಟ್ಟೆಯಾಕಾರದ ತಲೆ, ತೀಡಿದ ಮೀಸೆ, ಮುರುಕು ಇಂಗ್ಲಿಷು. ಜನ ನಕ್ಕು ಅವನೆದುರು ಎಚ್ಚರ ತಪ್ಪುತ್ತಾರೆ. ಮಿಸ್ ಮಾರ್ಪಲ್ ಹಳ್ಳಿಯಲ್ಲಿ ಉಣ್ಣೆ ಹೆಣೆಯುತ್ತ ಕೂರುವ ಮದುವೆಯಾಗದ ಮುದುಕಿ. ಪೊಲೀಸರು ಮೊದಲು ಆಕೆಯನ್ನು ಪಕ್ಕಕ್ಕೆ ಸರಿಸುತ್ತಾರೆ, ಕೊನೆಗೆ ಆಕೆಯ ಮುಂದೆಯೇ ಕುರ್ಚಿ ಎಳೆದು ಕೂರುತ್ತಾರೆ. ನಿಜಲೋಕದಲ್ಲಿ ಯಾರ ಮಾತಿಗೆ ಬೆಲೆ ಇಲ್ಲವೋ ಅಂಥವರ ಮಾತೇ ಕೊನೆಯ ಮಾತಾಗುವುದನ್ನು ನೋಡುವ ಸುಖ ಇದು. 1975ರಲ್ಲಿ ಕ್ರಿಸ್ಟಿ ಪ್ವಾರೊನ ಕೊನೆಯ ಕಥೆಯನ್ನು ಹೊರತಂದಾಗ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಮುಖಪುಟದಲ್ಲಿ ಆತನ ನಿಧನವಾರ್ತೆ ಅಚ್ಚುಮಾಡಿತು.

ನಮ್ಮ ದೇಶದ ಪತ್ತೇದಾರರಲ್ಲಿ ಬಂಗಾಳಿಯ ಶರದಿಂದು ಬಂದ್ಯೋಪಾಧ್ಯಾಯರ ವ್ಯೋಮಕೇಶ ಬಕ್ಷಿಗೆ ‘ಡಿಟೆಕ್ಟಿವ್’ ಎಂಬ ಹೆಸರೇ ಒಗ್ಗುವುದಿಲ್ಲ. 1932ರಿಂದಲೂ ಆತ ತನ್ನನ್ನು ಕರೆದುಕೊಂಡದ್ದು ಸತ್ಯಾನ್ವೇಷಿ ಎಂದು. ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಹೆಸರು ಒಂದು ತಲೆಮಾರಿಗೆ ಹೋಮ್ಸ್‌ನ ಹೆಸರಿಗಿಂತ ಹತ್ತಿರದ್ದು. ನೂರಾರು ಕಾದಂಬರಿಗಳನ್ನು ಬರೆದ ನರಸಿಂಹಯ್ಯನವರಿಗೆ ವಿಮರ್ಶಕರಿಂದ ಸಿಕ್ಕ ಗೌರವ ಅಷ್ಟಕ್ಕಷ್ಟೇ. ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಮಾತ್ರ ಅವರ ಪುಸ್ತಕಗಳ ಹಾಳೆಯ ಅಂಚು ಸವೆದು, ಕೊನೆಯ ಪುಟ ಹರಿದುಹೋಗಿರುತ್ತಿತ್ತು. ಹರಿದ ಕೊನೆಯ ಪುಟ ಪತ್ತೇದಾರಿ ಓದುಗನಿಗೆ ಎಂಥ ಸಂಕಟವೆಂಬುದನ್ನು ಬಲ್ಲವರೇ ಬಲ್ಲರು. ಕನ್ನಡ ಓದುವ ಅಭ್ಯಾಸವನ್ನು ಎಷ್ಟೋ ಮನೆಗಳಿಗೆ ತಂದದ್ದು ಈ ಪುಸ್ತಕಗಳೇ.

ಹೋಮ್ಸ್‌ನ ವಿಳಾಸ ಲಂಡನ್ನಿನ ಬೇಕರ್ ಬೀದಿ, 221ಬಿ. ಡಾಯ್ಲ್ ಬರೆಯುವಾಗ ಆ ಬೀದಿಯಲ್ಲಿ ಅಷ್ಟು ದೊಡ್ಡ ಸಂಖ್ಯೆಯ ಮನೆಯೇ ಇರಲಿಲ್ಲ. ಮುಂದೆ ಬೀದಿಯ ಸಂಖ್ಯೆಗಳು ಬದಲಾಗಿ, 1932ರಲ್ಲಿ ಅಬ್ಬಿ ಎಂಬ ಗೃಹಸಾಲ ಸಂಸ್ಥೆಯೊಂದು ಅಲ್ಲಿ ಕಟ್ಟಡ ಕಟ್ಟಿ ಬಂದಿತು. 221 ಆ ಕಟ್ಟಡದ ಪಾಲಿಗೆ ಬಿತ್ತು. ಅಂದಿನಿಂದ ಟಪಾಲಿನಲ್ಲಿ ಷರ್ಲಾಕ್ ಹೋಮ್ಸ್ ಹೆಸರಿಗೆ ಕಾಗದಗಳು ಬರತೊಡಗಿದವು. ತಮಾಷೆಯ ಕಾಗದಗಳಿದ್ದವು, ಕಳೆದುಹೋದದ್ದನ್ನು ಹುಡುಕಿಕೊಡಿ, ಬಿಡಿಸಲಾರದ ಒಗಟನ್ನು ಬಿಡಿಸಿಕೊಡಿ ಎಂದು ಬೇಡುವ ಕಾಗದಗಳೂ ಇದ್ದವು. ಅವುಗಳಿಗೆ ಉತ್ತರ ಬರೆಯುವುದಕ್ಕೆಂದೇ ಸಂಸ್ಥೆ ಒಬ್ಬ ಕಾರ್ಯದರ್ಶಿಯನ್ನು ಇಟ್ಟುಕೊಂಡಿತು. ಹೋಮ್ಸ್ ಎಂಬಾತ ಇರಲೇ ಇಲ್ಲ ಎಂದು ಬರೆಯುವ ಪದ್ಧತಿ ಅಲ್ಲಿರಲಿಲ್ಲ. ಕಾದಂಬರಿಯ ಸಾರ್ಜೆಂಟ್ ಕಫ್ ಕೊನೆಗೆ ಕೆಲಸ ಬಿಟ್ಟು ಗುಲಾಬಿ ಬೆಳೆಯಲು ಹೋಗಿದ್ದ. ಹೋಮ್ಸ್ ಕೂಡ ನಿವೃತ್ತರಾಗಿ ಸಸೆಕ್ಸ್‌ನಲ್ಲಿ ಜೇನು ಸಾಕುತ್ತಿದ್ದಾರೆ ಎಂದು ಕಾಗದ ಬರೆದವರಿಗೆ ಉತ್ತರ ಹೋಗುತ್ತಿತ್ತು.